ಆಡ್-ಆನ್ ಅಪ್‌ಡೇಟ್: ಪೂರ್ತಿ ಇನ್‌ಸ್ಟಾಲರ್ ಕೊಡಬೇಕೇ, ಪ್ಯಾಚ್ ಸಾಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಆಡ್-ಆನ್‌ಗಳನ್ನು, ಅಂದರೆ ಒಂದು ಮೂಲ ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ಭಾಗಗಳನ್ನು, ಬಳಸುವವರೂ ತಯಾರಿಸಿ ಹಂಚುವವರೂ ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉದಾಹರಣೆಗಳಲ್ಲಿ ಹೆಚ್ಚಿನವು ಫ್ಲೈಟ್ ಸಿಮ್ಯುಲೇಟರ್ ಲೋಕದವು. ಅಲ್ಲಿನ ಒಂದೊಂದು ವಿಮಾನವೂ ಗಿಗಾಬೈಟ್ ಲೆಕ್ಕದಲ್ಲಿರುತ್ತದೆ, ಬಳಕೆದಾರರು ಅದರ ಫೈಲ್‌ಗಳಿಗೆ ತಾವೇ ಕೈ ಹಾಕುತ್ತಾರೆ. ಹಾಗಾಗಿ ಎರಡೂ ವಿಧಾನಗಳ ಗುಣದೋಷಗಳು ಅಲ್ಲಿ ಬೇಗ ಬಯಲಾಗುತ್ತವೆ.

## ಬಳಸುವವರ ಪ್ರಶ್ನೆಗಳು

ಪೂರ್ತಿ ಇನ್‌ಸ್ಟಾಲರ್ ಅಂದರೇನು, ಪ್ಯಾಚ್ ಅಂದರೇನು? ಎರಡೂ ಅಪ್‌ಡೇಟ್ ತಾನೇ?

ಎರಡರ ಗುರಿಯೂ ಒಂದೇ, ದಾರಿ ಬೇರೆ. ಪೂರ್ತಿ ಇನ್‌ಸ್ಟಾಲರ್‌ನಲ್ಲಿ ಆಡ್-ಆನ್‌ನ ಎಲ್ಲ ಫೈಲ್‌ಗಳೂ ಇರುತ್ತವೆ. ನಿಮ್ಮ ಯಂತ್ರದಲ್ಲಿ ಹಳೆಯ ಆವೃತ್ತಿ ಇದ್ದರೂ, ಇಲ್ಲದಿದ್ದರೂ, ಇದ್ದದ್ದು ಕೆಟ್ಟುಹೋಗಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ಪ್ಯಾಚ್‌ನಲ್ಲಿ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ ಇರುತ್ತದೆ. ಆದ್ದರಿಂದ ಅದು ಮೂರು ಊಹೆಗಳ ಮೇಲೆ ನಿಂತಿರುತ್ತದೆ: ನಿಮ್ಮಲ್ಲಿ ಹಳೆಯ ಆಡ್-ಆನ್ ಇದೆ, ಅದು ಇಂಥದೇ ಆವೃತ್ತಿ, ಮತ್ತು ಅದು ತಯಾರಕರು ಕೊಟ್ಟ ಹಾಗೆಯೇ ಉಳಿದಿದೆ. ಪ್ಯಾಚ್‌ಗೆ ಸಂಬಂಧಿಸಿದ ದೂರುಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದು ಸುಳ್ಳಾದಾಗ ಹುಟ್ಟಿದವು.

ಪ್ಯಾಚ್‌ನಲ್ಲಿಯೂ ಎರಡು ಬಗೆಗಳಿವೆ. ಬದಲಾದ ಫೈಲ್‌ಗಳನ್ನು ಇಡಿಯಾಗಿ ತಂದು ಹಾಕುವುದು ಫೈಲ್ ಮಟ್ಟದ ಪ್ಯಾಚ್; ಒಂದು ಫೈಲ್‌ನೊಳಗೆ ಬದಲಾದ ಬೈಟ್‌ಗಳನ್ನಷ್ಟೇ ತಂದು, ಹಳೆಯ ಫೈಲ್ ಜೊತೆ ಸೇರಿಸಿ ಹೊಸದನ್ನು ಕಟ್ಟುವುದು ಬೈಟ್ ಮಟ್ಟದ ಪ್ಯಾಚ್. ಎರಡನೆಯದು ಗಾತ್ರದಲ್ಲಿ ಚಿಕ್ಕದು, ಸ್ವಭಾವದಲ್ಲಿ ಹಟಮಾರಿ.

ಎರಡು ಸಾಲು ತಿದ್ದಿದ್ದಕ್ಕೆ ಮತ್ತೆ 2 ಜಿಬಿ ಇಳಿಸಿಕೊಳ್ಳಿ ಅಂದರೆ ಹೇಗೆ? ನನಗೆ ದಿನಕ್ಕೆ ಸಿಗುವುದೇ 1.5 ಜಿಬಿ.

ದೂರು ನ್ಯಾಯವಾದದ್ದೇ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಕಂಪ್ಯೂಟರ್ ಬಳಸುವವರ ಪಾಲಿಗೆ ಪೂರ್ತಿ ಇನ್‌ಸ್ಟಾಲರ್ ಎಂದರೆ ಎರಡು ದಿನದ ಡೇಟಾ. ನಿಮ್ಮ ಕೈಯಲ್ಲಿರುವ ಉಪಾಯ ಒಂದೇ: ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಅಲ್ಲಿಂದಲೇ ಮುಂದುವರಿಸಬಲ್ಲ ಡೌನ್‌ಲೋಡ್ ಮ್ಯಾನೇಜರ್ ಬಳಸಿ ಎರಡು ದಿನಕ್ಕೆ ಹಂಚಿಕೊಳ್ಳುವುದು. ಇದು ನಡೆಯಬೇಕಾದರೆ ತಯಾರಕರ ಸರ್ವರ್ ಫೈಲ್‌ನ ಯಾವ ಭಾಗವನ್ನು ಕೇಳಿದರೂ ಕೊಡುವಂತಿರಬೇಕು. ಪ್ರತಿ ಸಲವೂ ಹೊಸ ತಾತ್ಕಾಲಿಕ ಲಿಂಕ್ ಕೊಡುವ ತಾಣಗಳಲ್ಲಿ ಇದು ಕೈಕೊಡುವುದುಂಟು.

ಇನ್ನು ತಯಾರಕರು ಮಾಡಬಹುದಾದದ್ದು ಬಹಳವಿದೆ, ಮತ್ತು ಅದರಲ್ಲಿ ಅತಿ ಸುಲಭವಾದದ್ದಕ್ಕೆ ಪ್ಯಾಚ್ ತಂತ್ರವೇ ಬೇಕಾಗಿಲ್ಲ. ವಿಮಾನದ ಆಡ್-ಆನ್ ಒಂದರಲ್ಲಿ ಗಾತ್ರದ ಸಿಂಹಪಾಲು ಮೇಲ್ಮೈ ಚಿತ್ರಗಳದ್ದು ಮತ್ತು ಧ್ವನಿಯದ್ದು. ಪದೇ ಪದೇ ಬದಲಾಗುವುದು ಕೆಲವೇ ಮೆಗಾಬೈಟ್‌ಗಳ ಪ್ರೋಗ್ರಾಂ ಭಾಗ. ಇವೆರಡನ್ನೂ ಬೇರೆ ಬೇರೆ ಇನ್‌ಸ್ಟಾಲರ್‌ಗಳಾಗಿ ಒಡೆದರೆ ಎರಡೂ ಪೂರ್ತಿ ಇನ್‌ಸ್ಟಾಲರ್‌ಗಳಾಗಿಯೇ ಉಳಿಯುತ್ತವೆ, ಆದರೂ ತಿಂಗಳಿಗೊಮ್ಮೆ ಇಳಿಸಿಕೊಳ್ಳಬೇಕಾದದ್ದು ಚಿಕ್ಕದು ಮಾತ್ರ.

ಹೊಸದನ್ನು ಹಾಕುವ ಮೊದಲು ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಲೇಬೇಕಾ?

ಪ್ಯಾಚ್ ಆದರೆ ಖಂಡಿತ ಬೇಡ. ಹಳೆಯದನ್ನು ತೆಗೆದರೆ ಅದಕ್ಕೆ ಕೂರಲು ನೆಲೆಯೇ ಇರುವುದಿಲ್ಲ. ಪೂರ್ತಿ ಇನ್‌ಸ್ಟಾಲರ್ ಆದರೆ ತಯಾರಕರು ಹೇಳಿದಂತೆ ಮಾಡಿ, ಏನನ್ನೂ ಹೇಳದಿದ್ದರೆ ತೆಗೆದೇ ಹಾಕಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಕಮ್ಯುನಿಟಿ ಫೋಲ್ಡರ್‌ಗೆ ಜಿಪ್ ಬಿಚ್ಚಿ ಹಾಕುವ ಉಚಿತ ಆಡ್-ಆನ್‌ಗಳಲ್ಲಿ ಹಳೆಯ ಫೋಲ್ಡರ್ ಮೇಲೆಯೇ ಹೊಸದನ್ನು ಸುರಿಯುವ ಬದಲು, ಇಡೀ ಫೋಲ್ಡರನ್ನು ಅಳಿಸಿ ಹೊಸದನ್ನು ಇಡುವುದೇ ಸರಿಯಾದ ಕ್ರಮ.

ಅಪ್‌ಡೇಟ್ ಆದಮೇಲೆ ನಾನು ಮಾಡಿಕೊಂಡಿದ್ದ ಸೆಟ್ಟಿಂಗ್ ಎಲ್ಲಾ ಹೋಯಿತು. ಪ್ಯಾಚ್ ಕೊಟ್ಟಿದ್ದರೆ ಉಳಿಯುತ್ತಿತ್ತು ಅಲ್ಲವಾ?

ಉಳಿಯುತ್ತಿತ್ತೋ ಇಲ್ಲವೋ ಎಂಬುದು ಪ್ಯಾಚ್‌ಗಿಂತ ಹೆಚ್ಚಾಗಿ ನಿಮ್ಮ ಸೆಟ್ಟಿಂಗ್ ಎಲ್ಲಿ ಕೂತಿದೆ ಎಂಬುದರ ಮೇಲೆ ನಿಂತಿದೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಪ್ಲಗಿನ್‌ಗಳನ್ನು (ಅಲ್ಲಿನ ಆಡ್-ಆನ್‌ಗಳನ್ನು) ನೋಡಿ: ಅಲ್ಲಿ ಪ್ರತಿ ಅಪ್‌ಡೇಟ್ ಕೂಡ ಪೂರ್ತಿ ಜಿಪ್, ಹಳೆಯ ಪ್ಲಗಿನ್‌ನ ಫೋಲ್ಡರನ್ನು ತೆಗೆದು ಹೊಸದನ್ನು ಇಡಲಾಗುತ್ತದೆ. ಆದರೂ ಪ್ಲಗಿನ್‌ನ ಸೆಟ್ಟಿಂಗ್‌ಗಳು ಡೇಟಾಬೇಸ್‌ನಲ್ಲಿ ಇರುವುದರಿಂದ ಅವುಗಳಿಗೆ ಏನೂ ಆಗುವುದಿಲ್ಲ. ಅದೇ ಪ್ಲಗಿನ್ ಫೋಲ್ಡರ್‌ನೊಳಗೆ ಹೋಗಿ ಯಾರಾದರೂ ಒಂದು ಪಿಎಚ್‌ಪಿ ಫೈಲನ್ನು ಕೈಯಾರೆ ತಿದ್ದಿದ್ದರೆ ಆ ತಿದ್ದುಪಡಿ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ.

ತಯಾರಕರು ಕೊಟ್ಟದ್ದು ಒಂದು ಫೋಲ್ಡರ್‌ನಲ್ಲಿ, ಬಳಕೆದಾರ ಬರೆದದ್ದು ಇನ್ನೊಂದರಲ್ಲಿ ಇರಬೇಕು. ಈ ವಿಂಗಡಣೆ ಇಲ್ಲದ ಆಡ್-ಆನ್ ಯಾವ ವಿಧಾನದಿಂದ ಬಂದರೂ ಒಂದಲ್ಲ ಒಂದು ದಿನ ನಿಮ್ಮ ಶ್ರಮವನ್ನು ನುಂಗುತ್ತದೆ.

ಮಧ್ಯದ ಒಂದು ಪ್ಯಾಚ್ ತಪ್ಪಿಹೋಯಿತು. ನೇರವಾಗಿ ಕೊನೆಯದನ್ನು ಹಾಕಬಹುದಾ?

ಪ್ಯಾಚ್ ಸಂಚಿತವೋ ಸರಣಿಯದೋ ಎಂಬುದರ ಮೇಲೆ ಉತ್ತರವಿದೆ. ಸಂಚಿತ ಪ್ಯಾಚ್‌ನಲ್ಲಿ ಮೊದಲ ಆವೃತ್ತಿಯಿಂದ ಇಲ್ಲಿಯವರೆಗಿನ ಎಲ್ಲ ಬದಲಾವಣೆಗಳೂ ಇರುತ್ತವೆ, ಆದ್ದರಿಂದ ನಡುವಿನವನ್ನು ಬಿಡಬಹುದು. ಸರಣಿಯ ಪ್ಯಾಚ್‌ನಲ್ಲಿ ಹಿಂದಿನ ಮೆಟ್ಟಿಲು ಹತ್ತದೆ ಮುಂದಿನದು ಸಿಗುವುದಿಲ್ಲ.

ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಳಸಿದವರಿಗೆ ಇದು ಹಳೆಯ ಕಥೆ. 2007ರಲ್ಲಿ ಅದಕ್ಕೆ ಎರಡು ಸರ್ವಿಸ್ ಪ್ಯಾಕ್‌ಗಳು (ತಿದ್ದುಪಡಿಗಳ ಕಟ್ಟುಗಳು) ಬಂದವು, ಮತ್ತು ಎರಡನೆಯದನ್ನು ಹಾಕಲು ಮೊದಲನೆಯದು ಇರಲೇಬೇಕಿತ್ತು. ಅದೇ ವರ್ಷ ಬಂದ ಆಕ್ಸಿಲರೇಷನ್ ವಿಸ್ತರಣೆಯನ್ನು ಹಾಕಿದವರಿಗೆ ಇವೆರಡೂ ಬೇಡವಾಗಿದ್ದವು. ಆಡ್-ಆನ್ ತಯಾರಕರು ತಮ್ಮ ವಿಮಾನ ಇವುಗಳಲ್ಲಿ ಯಾವುದರ ಮೇಲೆ ನಡೆಯುತ್ತದೆ ಎಂದು ಪ್ರತಿಯೊಂದು ಸೂಚನೆಯಲ್ಲೂ ಬಿಡಿಸಿ ಬರೆಯಬೇಕಾಯಿತು. ನೀವು ಹಾಕಲಿರುವ ಪ್ಯಾಚ್ ಯಾವ ಬಗೆಯದು ಎಂದು ಅದರ ಜೊತೆಗಿನ ಟಿಪ್ಪಣಿಯಲ್ಲಿ ಬರೆದಿಲ್ಲದಿದ್ದರೆ ಸರಣಿಯದೆಂದೇ ಎಣಿಸಿ ನಡೆಯುವುದು ಲೇಸು.

ಪ್ಯಾಚ್ "ಹಳೆಯ ಫೈಲ್ ಹೊಂದುತ್ತಿಲ್ಲ" ಎನ್ನುತ್ತಿದೆ. ಫೈಲ್ ಅಲ್ಲೇ ಇದೆಯಲ್ಲ?

ಫೈಲ್ ಇದೆ, ಆದರೆ ಅದು ತಯಾರಕರು ಕೊಟ್ಟ ಫೈಲ್ ಆಗಿ ಉಳಿದಿಲ್ಲ. ಪ್ಯಾಚ್ ಹೆಸರು ನೋಡಿ ತೃಪ್ತಿಪಡುವುದಿಲ್ಲ. ಫೈಲ್‌ನ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿದ ಚೆಕ್‌ಸಮ್ ಒಂದನ್ನು ಹೋಲಿಸುತ್ತದೆ, ಮತ್ತು ಒಂದು ಅಲ್ಪವಿರಾಮ ಹೆಚ್ಚಾಗಿದ್ದರೂ ನಿಲ್ಲುತ್ತದೆ. ನಿಲ್ಲಬೇಕಾದದ್ದೇ ಸರಿ, ಏಕೆಂದರೆ ಬದಲಾದ ಫೈಲ್ ಮೇಲೆ ಬೈಟ್ ಪ್ಯಾಚ್ ಹಾಕಿದರೆ ಸಿಗುವುದು ಕಸ.

ಹಳೆಯ ಸಿಮ್ಯುಲೇಟರ್‌ಗಳಲ್ಲಿ ಇದಕ್ಕೊಂದು ಸಾಮಾನ್ಯ ಕಾರಣವಿತ್ತು. ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ನಲ್ಲಿ ವಿಮಾನಕ್ಕೆ ಹೊಸ ಬಣ್ಣದ ಹೊದಿಕೆ ಸೇರಿಸಬೇಕೆಂದರೆ ಅದರ ಚಿತ್ರಗಳನ್ನು ಒಂದು ಫೋಲ್ಡರ್‌ಗೆ ಹಾಕಿ, ಆಮೇಲೆ ಏರ್‌ಕ್ರಾಫ್ಟ್ ಸಿಎಫ್‌ಜಿ ಎಂಬ ಪಠ್ಯ ಫೈಲ್‌ನಲ್ಲಿ ಆ ಹೊದಿಕೆಗೆ ಒಂದು ಹೊಸ ವಿಭಾಗ ಬರೆಯಬೇಕಿತ್ತು. ಹಾಗಾಗಿ ಒಂದೇ ಆಡ್-ಆನ್ ಕೊಂಡವರಲ್ಲಿ ಇಬ್ಬರ ಫೈಲ್ ಒಂದೇ ರೀತಿ ಇರುವುದೇ ಅಪರೂಪ. ತಯಾರಕರು ಅದೇ ಫೈಲ್‌ನಲ್ಲಿ ಇಂಧನ ಟ್ಯಾಂಕ್‌ನ ಅಳತೆಯೊಂದನ್ನು ತಿದ್ದಿದರೆ ಮುಗಿಯಿತು: ಪ್ಯಾಚ್ ನಿಲ್ಲಬೇಕು, ಅಥವಾ ಎಲ್ಲರ ಹೊದಿಕೆಗಳನ್ನೂ ಅಳಿಸಬೇಕು. ಇಂಥ ಸಂದರ್ಭದಲ್ಲಿ ನಿಮ್ಮ ಬದಲಾವಣೆಗಳನ್ನು ಬೇರೆಡೆ ನಕಲು ಮಾಡಿಟ್ಟು, ಪೂರ್ತಿ ಇನ್‌ಸ್ಟಾಲರ್ ಹಾಕಿ, ಮತ್ತೆ ಸೇರಿಸಿಕೊಳ್ಳುವುದೇ ದಾರಿ.

ಸಿ ಡ್ರೈವ್ ತುಂಬಿತು ಎಂದು ವಿಂಡೋಸ್‌ನ ಇನ್‌ಸ್ಟಾಲರ್ ಫೋಲ್ಡರ್ ಅಳಿಸಿದೆ. ಈಗ ಯಾವ ಪ್ಯಾಚೂ ಕೂರುತ್ತಿಲ್ಲ.

ವಿಂಡೋಸ್ ಫೋಲ್ಡರ್‌ನೊಳಗೆ ಅಡಗಿರುವ ಆ ಫೋಲ್ಡರ್ ಕಸವಲ್ಲ. ಎಂಎಸ್‌ಐ ಎಂಬ ವಿಂಡೋಸ್‌ನದೇ ಇನ್‌ಸ್ಟಾಲರ್ ರೂಪದ ಮೂಲಕ ಸ್ಥಾಪಿಸಿದ ಪ್ರತಿ ತಂತ್ರಾಂಶದ ಎಂಎಸ್‌ಐ ಫೈಲ್‌ನ ಪ್ರತಿಯನ್ನೂ ಅದರ ಮೇಲೆ ಹಾಕಿದ ಎಂಎಸ್‌ಪಿ ಪ್ಯಾಚ್‌ಗಳನ್ನೂ ವಿಂಡೋಸ್ ಅಲ್ಲಿ ಇಟ್ಟುಕೊಂಡಿರುತ್ತದೆ. ಹೊಸ ಪ್ಯಾಚ್ ಹಾಕುವಾಗ, ದುರಸ್ತಿ ಮಾಡುವಾಗ ಮತ್ತು ತೆಗೆಯುವಾಗ ಅವುಗಳನ್ನೇ ಓದುತ್ತದೆ. ಅವು ಇಲ್ಲದಿದ್ದರೆ ಅದು ನಿಮ್ಮ ಮೂಲ ಇನ್‌ಸ್ಟಾಲರ್ ಎಲ್ಲಿದೆ ಎಂದು ಕೇಳುತ್ತದೆ, ಮತ್ತು ಅದೇ ಆವೃತ್ತಿಯದು ಸಿಗುವವರೆಗೆ ಮುಂದೆ ಹೋಗುವುದಿಲ್ಲ. ಆ ಹಳೆಯ ಇನ್‌ಸ್ಟಾಲರ್ ನಿಮ್ಮಲ್ಲಿದ್ದರೆ ಅದರ ಜಾಗವನ್ನು ತೋರಿಸಿ. ಇಲ್ಲದಿದ್ದರೆ ತಯಾರಕರಿಂದ ಅದೇ ಆವೃತ್ತಿಯನ್ನು ಕೇಳಿ ಪಡೆಯಬೇಕು. ಕೊಂಡ ತಂತ್ರಾಂಶದ ಇನ್‌ಸ್ಟಾಲರನ್ನು ಒಂದು ಹೊರ ಡಿಸ್ಕ್‌ನಲ್ಲಿ ಉಳಿಸಿಕೊಳ್ಳುವ ಹಳೆಯ ಅಭ್ಯಾಸ ಇಂಥ ದಿನಗಳಿಗಾಗಿಯೇ.

ಶಾಲೆಯ ಲ್ಯಾಬ್‌ನಲ್ಲಿ 30 ಯಂತ್ರಗಳಿವೆ, ನೆಟ್ ಇಲ್ಲ. ಪೆನ್‌ಡ್ರೈವ್‌ನಲ್ಲಿ ಯಾವುದನ್ನು ಒಯ್ಯಲಿ?

ಪೂರ್ತಿ ಇನ್‌ಸ್ಟಾಲರ್. ಇಳಿಸಿಕೊಳ್ಳುವುದು ಒಂದೇ ಸಲವಾದ್ದರಿಂದ ಪ್ಯಾಚ್‌ನಿಂದ ಉಳಿಯುವ ಡೇಟಾ ಲೆಕ್ಕಕ್ಕೆ ಬರುವುದಿಲ್ಲ, ಮತ್ತು 30 ಯಂತ್ರಗಳಲ್ಲೂ ಒಂದೇ ಆವೃತ್ತಿ ಇದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಇನ್‌ಸ್ಟಾಲರ್ ಎಂದು ಕೊಟ್ಟದ್ದು ನಿಜಕ್ಕೂ ಪೂರ್ತಿಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಈಚೆಗೆ ಹಲವು ತಯಾರಕರು ಕೊಡುವುದು ಕೆಲವೇ ಎಂಬಿಯ ಡೌನ್‌ಲೋಡರ್, ಅದು ನೆಟ್ ಇಲ್ಲದ ಕಡೆ ತೆರೆದು ಸುಮ್ಮನೆ ನಿಲ್ಲುತ್ತದೆ.

## ತಯಾರಿಸಿ ಹಂಚುವವರ ಪ್ರಶ್ನೆಗಳು

ನಮ್ಮದು ಇಬ್ಬರ ತಂಡ. ಯಾವುದರಿಂದ ಶುರು ಮಾಡಬೇಕು?

ಪೂರ್ತಿ ಇನ್‌ಸ್ಟಾಲರ್‌ನಿಂದ. ಇದು ಸೋಮಾರಿತನದ ಸಲಹೆಯಲ್ಲ. ಹೊಸಬರಿಗೆ ಕೊಡಲು, ಕೆಟ್ಟದ್ದನ್ನು ಸರಿಪಡಿಸಲು, ಪ್ಯಾಚ್ ವಿಫಲವಾದಾಗ ಮರಳಲು ಅದು ಹೇಗೂ ಬೇಕೇ ಬೇಕು. ಪ್ಯಾಚ್ ಮಾತ್ರ ಕೊಟ್ಟು ಬದುಕುವ ದಾರಿ ಇಲ್ಲ, ಇನ್‌ಸ್ಟಾಲರ್ ಮಾತ್ರ ಕೊಟ್ಟು ಬದುಕಬಹುದು. ಪ್ಯಾಚ್ ಆರಂಭಿಸಿದ ದಿನದಿಂದ ಪ್ರತಿ ಬಿಡುಗಡೆಯಲ್ಲೂ ಎರಡು ವಸ್ತುಗಳನ್ನು ಪರೀಕ್ಷಿಸಬೇಕಾಗುತ್ತದೆ. ದೂರು ಬಂದಾಗಲೂ "ನೀವು ಯಾವ ದಾರಿಯಿಂದ ಇಲ್ಲಿಗೆ ಬಂದಿರಿ" ಎಂಬ ಹೆಚ್ಚಿನ ಪ್ರಶ್ನೆಯೊಂದನ್ನು ಕೇಳಬೇಕಾಗುತ್ತದೆ. ಪೂರ್ತಿ ಆಡ್-ಆನ್ 50 ಎಂಬಿಗಿಂತ ಕಡಿಮೆ ಇದ್ದರೆ ನನ್ನ ಮಟ್ಟಿಗೆ ಈ ಚರ್ಚೆಯೇ ಏಳುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರ್‌ನ ಆಡ್-ಆನ್‌ಗಳೂ ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್‌ನ ವಿಸ್ತರಣೆಗಳೂ ಪ್ರತಿ ಸಲ ಇಡಿಯಾದ ಪ್ಯಾಕೇಜ್ ಆಗಿಯೇ ಬರುತ್ತವೆ, ಅದರ ಬಗ್ಗೆ ಯಾರೂ ಗೊಣಗುವುದಿಲ್ಲ.

ಎಷ್ಟು ಹಳೆಯ ಆವೃತ್ತಿಗಳವರೆಗೆ ಪ್ಯಾಚ್ ಮಾಡಿಕೊಡಬೇಕು?

ಪ್ರತಿ ಹಳೆಯ ಆವೃತ್ತಿಯಿಂದ ಪ್ರತಿ ಹೊಸದಕ್ಕೆ ನೇರ ಪ್ಯಾಚ್ ಕೊಡುತ್ತೇನೆಂದು ಹೊರಟರೆ 10 ಆವೃತ್ತಿಗಳಿಗೆ 45 ಪ್ಯಾಚ್‌ಗಳು, 20ಕ್ಕೆ 190 ಆಗುತ್ತವೆ. ಅಷ್ಟನ್ನು ತಯಾರಿಸುವುದನ್ನು ಯಂತ್ರಕ್ಕೆ ಒಪ್ಪಿಸಬಹುದು, ಪರೀಕ್ಷಿಸುವುದನ್ನು ಒಪ್ಪಿಸುವುದು ಕಷ್ಟ. ಮ್ಯಾಕ್ ತಂತ್ರಾಂಶಗಳಲ್ಲಿ ಬಹಳ ಬಳಕೆಯಲ್ಲಿರುವ ಸ್ಪಾರ್ಕಲ್ ಅಪ್‌ಡೇಟ್ ವ್ಯವಸ್ಥೆ, ನೀವು ಬೇರೆ ಹೇಳದಿದ್ದರೆ, ಹಿಂದಿನ 5 ಆವೃತ್ತಿಗಳಿಗೆ ಮಾತ್ರ ವ್ಯತ್ಯಾಸದ ಫೈಲ್‌ಗಳನ್ನು ತಯಾರಿಸುತ್ತದೆ. ಫೈರ್‌ಫಾಕ್ಸ್ ಕೂಡ ಈಚಿನ ಕೆಲವು ಆವೃತ್ತಿಗಳಿಂದ ಮಾತ್ರ ಭಾಗಶಃ ಅಪ್‌ಡೇಟ್ ಕೊಡುತ್ತದೆ, ಉಳಿದವರಿಗೆ ಪೂರ್ತಿಯದನ್ನು ಕಳುಹಿಸುತ್ತದೆ. ಭಾಗಶಃ ಅಪ್‌ಡೇಟ್ ವಿಫಲವಾದರೂ ತಾನಾಗಿ ಪೂರ್ತಿಯದಕ್ಕೆ ಹೊರಳುತ್ತದೆ. ನಿಮ್ಮ ಬಳಕೆದಾರರಲ್ಲಿ ಯಾವ ಆವೃತ್ತಿಯವರು ಎಷ್ಟಿದ್ದಾರೆ ಎಂಬ ಅಂದಾಜು ಇದ್ದರೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಿಂದಿನ ಎರಡು ಮೂರು ಆವೃತ್ತಿಗಳು ಸಾಕು.

ಒಂದು ಚಿತ್ರ ಬದಲಿಸಿದೆ ಅಷ್ಟೇ. ಪ್ಯಾಚ್ ಗಾತ್ರ ಇನ್‌ಸ್ಟಾಲರ್‌ನಷ್ಟೇ ಬಂತು. ಏನು ತಪ್ಪಾಗಿದೆ?

ಬಹುಶಃ ನೀವು ಎರಡು ಇನ್‌ಸ್ಟಾಲರ್‌ಗಳನ್ನೇ ಒಂದಕ್ಕೊಂದು ಹೋಲಿಸಿದ್ದೀರಿ. ಗಟ್ಟಿಯಾಗಿ ಸಂಕುಚಿತಗೊಂಡ ಫೈಲ್‌ನಲ್ಲಿ ಮೊದಲು ಬಂದ ಬೈಟ್‌ಗಳು ಮುಂದಿನವು ಹೇಗೆ ಬರೆಯಲ್ಪಡುತ್ತವೆ ಎಂಬುದನ್ನು ನಿರ್ಧರಿಸುತ್ತವೆ. ಆದ್ದರಿಂದ ಆರಂಭದಲ್ಲಿ ಒಂದು ಬೈಟ್ ಬದಲಾದರೆ ಅಲ್ಲಿಂದ ಮುಂದಿನದೆಲ್ಲ ಬೇರೆಯೇ ಆಗಿ ಕಾಣುತ್ತದೆ. ಇನ್‌ಸ್ಟಾಲರ್ ತಯಾರಿಸುವ ಉಪಕರಣವಾದ ಇನ್ನೋ ಸೆಟಪ್‌ನಲ್ಲಿ ಸಾಲಿಡ್ ಕಂಪ್ರೆಶನ್ ಆಯ್ಕೆ ಮಾಡಿದ್ದರೆ ಇದು ಎಲ್ಲ ಫೈಲ್‌ಗಳಿಗೂ ಒಟ್ಟಾಗಿ ಅನ್ವಯಿಸುತ್ತದೆ. ಹೋಲಿಕೆ ನಡೆಯಬೇಕಾದದ್ದು ಸ್ಥಾಪನೆಯಾದ ನಂತರದ ಎರಡು ಫೋಲ್ಡರ್‌ಗಳ ನಡುವೆ.

ಗೂಗಲ್ ಪ್ಲೇ ಎದುರಿಸಿದ್ದೂ ಇದೇ ತೊಡಕು. ಆಂಡ್ರಾಯ್ಡ್ ಆಪ್‌ನ ಪ್ಯಾಕೇಜ್ ಆದ ಎಪಿಕೆ ಮೂಲತಃ ಒಂದು ಜಿಪ್. 2016ರ ಡಿಸೆಂಬರ್‌ನಲ್ಲಿ ಗೂಗಲ್ ಪ್ರಕಟಿಸಿದ ವಿಧಾನದಲ್ಲಿ ಒಳಗಿನ ಫೈಲ್‌ಗಳನ್ನು ಮೊದಲು ಬಿಚ್ಚಿ, ಬಿಚ್ಚಿದ ರೂಪದಲ್ಲಿ ವ್ಯತ್ಯಾಸ ತೆಗೆದು, ಫೋನ್‌ನಲ್ಲಿ ಮತ್ತೆ ಮೊದಲಿನಂತೆಯೇ ಸಂಕುಚಿಸಲಾಗುತ್ತದೆ. ಅಪ್‌ಡೇಟ್‌ಗಳು ಪೂರ್ತಿ ಆಪ್‌ಗಿಂತ ಸರಾಸರಿ 65%, ಕೆಲವು ಸಲ 90%ಕ್ಕೂ ಹೆಚ್ಚು ಚಿಕ್ಕದಾದವೆಂದು ಅದು ಹೇಳಿತು. ಆದರೆ ಫೋನ್ ಹೆಚ್ಚು ದುಡಿಯಬೇಕಾಗುವುದರಿಂದ ಹಿನ್ನೆಲೆಯಲ್ಲಿ ತಾನಾಗಿ ನಡೆಯುವ ಅಪ್‌ಡೇಟ್‌ಗಳಿಗೆ ಮಾತ್ರ ಇದನ್ನು ಬಳಸಲಾಯಿತು. ಬಳಕೆದಾರ ಗುಂಡಿ ಒತ್ತಿ ಕಾಯುತ್ತಿರುವಾಗ ಡೇಟಾಗಿಂತ ಸಮಯವೇ ದುಬಾರಿ.

ಹೋಲಿಕೆ ಸರಿಯಾಗಿಯೇ ನಡೆದಿದ್ದರೂ ಪ್ಯಾಚ್ ದೊಡ್ಡದಾಗಿದ್ದರೆ ನಿಮ್ಮ ಬಿಲ್ಡ್ ವಿಧಾನವನ್ನು, ಅಂದರೆ ಬಿಡುಗಡೆಯ ಫೈಲ್‌ಗಳನ್ನು ತಯಾರಿಸುವ ಕ್ರಮವನ್ನು, ನೋಡಿ. ಪ್ರತಿ ಬಿಡುಗಡೆಗೂ ಎಲ್ಲ ಚಿತ್ರಗಳನ್ನು ಹೊಸದಾಗಿ ಪರಿವರ್ತಿಸುತ್ತಿದ್ದರೆ, ಕಂಪೈಲರ್ ದಿನಾಂಕ ಸಮಯಗಳನ್ನು ಫೈಲ್‌ನೊಳಗೇ ಬರೆಯುತ್ತಿದ್ದರೆ, ಬದಲಾಗದ ಫೈಲ್‌ಗಳೂ ಬದಲಾಗಿ ತೋರುತ್ತವೆ. ಸಾವಿರಾರು ಚಿತ್ರಗಳನ್ನು ಒಂದೇ ದೊಡ್ಡ ಫೈಲ್‌ಗೆ ತುಂಬುವವರು ಅವುಗಳ ಕ್ರಮವನ್ನು ಒಂದು ಬಿಡುಗಡೆಯಿಂದ ಇನ್ನೊಂದಕ್ಕೆ ಕಲೆಸಬಾರದು. ಹೊಸದನ್ನು ಕೊನೆಗೆ ಸೇರಿಸಿದರೆ ಪ್ಯಾಚ್ ಚಿಕ್ಕದಾಗಿ ಉಳಿಯುತ್ತದೆ. ಪ್ಯಾಚ್ ಉಪಕರಣ ಬದಲಿಸಿ ಗಳಿಸುವುದಕ್ಕಿಂತ ಹೆಚ್ಚನ್ನು ಈ ಶಿಸ್ತಿನಿಂದ ಗಳಿಸಬಹುದು.

ಬಿಎಸ್‌ಡಿಫ್ ಬಳಸಿ ಎನ್ನುತ್ತಾರೆ. ನಮ್ಮಂಥವರಿಗೆ ಅಷ್ಟೆಲ್ಲ ಬೇಕಾ?

ಬಿಎಸ್‌ಡಿಫ್ ಬೈಟ್ ಮಟ್ಟದ ಪ್ಯಾಚ್ ತಯಾರಿಸುವ ಉಪಕರಣ. ಕೊಲಿನ್ ಪರ್ಸಿವಲ್ ಬರೆದ ಇದು 2003ರಿಂದ ಬಳಕೆಯಲ್ಲಿದೆ, ಮತ್ತು ಅದರ ಜಾಣತನ ಪ್ರೋಗ್ರಾಂ ಫೈಲ್‌ಗಳ ವಿಷಯದಲ್ಲಿ ತಿಳಿಯುತ್ತದೆ. ಪ್ರೋಗ್ರಾಂನ ನಡುವೆ ನಾಲ್ಕು ಸಾಲು ಸೇರಿಸಿದರೆ ಅದರ ನಂತರದ ಎಲ್ಲ ಭಾಗಗಳ ವಿಳಾಸಗಳೂ ಸರಿಯುತ್ತವೆ, ಬೀದಿಯ ನಡುವೆ ಒಂದು ಹೊಸ ಮನೆ ಎದ್ದು ಮುಂದಿನ ಮನೆಗಳ ನಂಬರ್‌ಗಳೆಲ್ಲ ಒಂದೊಂದು ಹೆಚ್ಚಾದ ಹಾಗೆ. ಬಿಎಸ್‌ಡಿಫ್ ಅಂಥ ಭಾಗಗಳನ್ನು "ಹೆಚ್ಚು ಕಡಿಮೆ ಅದೇ" ಎಂದು ಗುರುತಿಸಿ ಅಂತರವನ್ನಷ್ಟೇ ದಾಖಲಿಸುತ್ತದೆ. ಕ್ರೋಮ್ ಬ್ರೌಸರ್‌ಗಾಗಿ ಗೂಗಲ್ 2009ರಲ್ಲಿ ಪ್ರಕಟಿಸಿದ ಕೂರ್ಜೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರೋಗ್ರಾಂ ಅನ್ನು ಬಿಡಿಸಿ ವಿಳಾಸಗಳನ್ನು ಪ್ರತ್ಯೇಕಿಸಿತು. ಆಗ ಅವರು ಕೊಟ್ಟ ಒಂದು ಉದಾಹರಣೆಯಲ್ಲಿ ಪೂರ್ತಿ ಅಪ್‌ಡೇಟ್ 1,03,85,920 ಬೈಟ್, ಬಿಎಸ್‌ಡಿಫ್ ಪ್ಯಾಚ್ 7,04,512 ಬೈಟ್, ಕೂರ್ಜೆಟ್ ಪ್ಯಾಚ್ 78,848 ಬೈಟ್.

ಅಂಕಿಗಳು ಬೆರಗು ಹುಟ್ಟಿಸುತ್ತವೆ, ಆದರೆ ನಿಮ್ಮ ಆಡ್-ಆನ್‌ನಲ್ಲಿ ಪ್ರೋಗ್ರಾಂ ಭಾಗ 5 ಎಂಬಿ, ಚಿತ್ರಗಳು 2 ಜಿಬಿ ಇದ್ದರೆ ಈ ಜಾಣತನದಿಂದ ಉಳಿಯುವುದು ಹೆಚ್ಚೆಂದರೆ ಆ 5 ಎಂಬಿ. ಬಿಎಸ್‌ಡಿಫ್‌ಗೆ ಪ್ಯಾಚ್ ತಯಾರಿಸುವಾಗ ಹಳೆಯ ಫೈಲ್‌ನ ಗಾತ್ರದ 17 ಪಟ್ಟು ಮೆಮೊರಿ ಬೇಕು ಎಂಬುದೂ ನೆನಪಿರಲಿ: 200 ಎಂಬಿ ಫೈಲ್‌ಗೆ 3.4 ಜಿಬಿ. ಹೆಚ್ಚಿನ ಆಡ್-ಆನ್‌ಗಳಿಗೆ ಫೈಲ್ ಮಟ್ಟದ ವಿಧಾನವೇ ಹದವಾದದ್ದು. ಎಕ್ಸ್-ಪ್ಲೇನ್ ಸಿಮ್ಯುಲೇಟರ್‌ನ ಇನ್‌ಸ್ಟಾಲರ್ ಹೀಗೆಯೇ ನಡೆಯುತ್ತದೆ. ಡಿಸ್ಕ್‌ನಲ್ಲಿರುವ ಫೈಲ್‌ಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ಇಲ್ಲದವನ್ನೂ ಬದಲಾದವನ್ನೂ ಮಾತ್ರ ತರಿಸಿಕೊಳ್ಳುತ್ತದೆ. ಇದರ ದೊಡ್ಡ ಲಾಭ ಎಂದರೆ ಹಿಂದೆ ಯಾವ ಆವೃತ್ತಿ ಇತ್ತು ಎಂದು ಊಹಿಸುವ ಅಗತ್ಯವೇ ಇಲ್ಲ, ಮತ್ತು ಅದೇ ಉಪಕರಣ ಕೆಟ್ಟ ಫೈಲನ್ನು ದುರಸ್ತಿಯೂ ಮಾಡುತ್ತದೆ.

ಹೊಸ ಆವೃತ್ತಿಯಲ್ಲಿ ತೆಗೆದುಹಾಕಿದ ಫೈಲ್ ಹಳೆಯ ಬಳಕೆದಾರರ ಹತ್ತಿರ ಉಳಿದುಬಿಡುತ್ತಿದೆ. ಇನ್‌ಸ್ಟಾಲರ್ ಏಕೆ ಅಳಿಸುವುದಿಲ್ಲ?

ಮೇಲೆ ಬರೆಯುವುದು ಅದರ ಕೆಲಸ. ಹಿಂದೆ ಏನಿತ್ತೆಂದು ಅದಕ್ಕೆ ಯಾರೂ ಹೇಳಿಲ್ಲ. ಇನ್ನೋ ಸೆಟಪ್‌ನಲ್ಲಿ ಅಳಿಸಬೇಕಾದವನ್ನು ಇನ್‌ಸ್ಟಾಲ್‌ಡಿಲೀಟ್ ವಿಭಾಗದಲ್ಲಿ ಹೆಸರಿಸಿ ಬರೆಯಬೇಕು. ಇಡೀ ಫೋಲ್ಡರನ್ನು ಅಳಿಸುವ ನಕ್ಷತ್ರ ಚಿಹ್ನೆಯ (*) ಆಸೆಗೆ ಬೀಳಬೇಡಿ, ಬಳಕೆದಾರ ಇಟ್ಟುಕೊಂಡ ಫೈಲ್‌ಗಳೂ ಅದರೊಂದಿಗೆ ಹೋಗುತ್ತವೆ. ಪ್ಯಾಚನ್ನೂ ಇನ್ನೋ ಸೆಟಪ್‌ನಲ್ಲಿಯೇ ಮಾಡುತ್ತಿದ್ದರೆ ಮೂಲ ಇನ್‌ಸ್ಟಾಲರ್‌ನ ಆಪ್‌ಐಡಿಯನ್ನೇ (ತಂತ್ರಾಂಶವನ್ನು ಗುರುತಿಸುವ ಸಂಕೇತವನ್ನೇ) ಬಳಸಿ. ಆಗ ಪ್ಯಾಚ್ ತಂದ ಹೊಸ ಫೈಲ್‌ಗಳು ಮೊದಲಿನ ಅನ್‌ಇನ್‌ಸ್ಟಾಲ್ ದಾಖಲೆಗೇ ಸೇರಿ, ಮುಂದೆ ತೆಗೆಯುವಾಗ ಒಟ್ಟಿಗೆ ಹೋಗುತ್ತವೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಪ್ಯಾಕೇಜ್‌ಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಲೇಔಟ್ ಎಂಬ ಜೇಸನ್ ಫೈಲ್‌ನಲ್ಲಿ ಪ್ಯಾಕೇಜ್‌ನ ಪ್ರತಿ ಫೈಲ್‌ನ ದಾರಿ, ಗಾತ್ರ ಮತ್ತು ದಿನಾಂಕ ಪಟ್ಟಿಯಾಗಿರುತ್ತದೆ. ಪ್ಯಾಚ್ ಹೊಸ ಫೈಲನ್ನು ತಂದು ಈ ಪಟ್ಟಿಯನ್ನು ತಿದ್ದಲು ಮರೆತರೆ ಸಿಮ್ಯುಲೇಟರ್ ಆ ಫೈಲನ್ನು ಕಾಣುವುದೇ ಇಲ್ಲ. ಬಳಕೆದಾರನಿಗೆ ಎಲ್ಲವೂ ಸರಿಯಾಗಿ ಸ್ಥಾಪನೆಯಾದಂತೆ ತೋರುತ್ತದೆ, ವಿಮಾನದ ಒಂದು ಗಡಿಯಾರ ಮಾತ್ರ ಕಪ್ಪಾಗಿರುತ್ತದೆ.

## ಆಳದ ಪ್ರಶ್ನೆಗಳು

ಪ್ಯಾಚ್ ಹಾಕುವ ನಡುವೆ ಕರೆಂಟ್ ಹೋದರೆ ಏನು ಗತಿ?

ಪ್ಯಾಚ್ ಹಳೆಯ ಫೈಲ್‌ನ ಮೇಲೆಯೇ ಬರೆಯುತ್ತಿದ್ದರೆ ಅರ್ಧ ಹಳೆಯದು ಅರ್ಧ ಹೊಸದು ಆದ ಫೈಲ್ ಉಳಿಯುತ್ತದೆ, ಮತ್ತು ಅದನ್ನು ಅದೇ ಪ್ಯಾಚ್ ಮತ್ತೆ ಸರಿಪಡಿಸಲಾರದು. ಆದ್ದರಿಂದ ಹೊಸ ಫೈಲನ್ನು ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಪೂರ್ತಿಯಾಗಿ ಕಟ್ಟಬೇಕು, ಚೆಕ್‌ಸಮ್ ತಾಳೆ ನೋಡಬೇಕು, ಎಲ್ಲ ಫೈಲ್‌ಗಳೂ ಹೀಗೆ ಸಿದ್ಧವಾದ ಮೇಲೆಯೇ ಹೆಸರು ಬದಲಿಸಿ ಜಾಗಕ್ಕೆ ತರಬೇಕು. ಹೆಸರು ಬದಲಿಸುವುದು ಕ್ಷಣಮಾತ್ರದ ಕೆಲಸವಾದ್ದರಿಂದ ಅಪಾಯದ ಅವಧಿ ಬಹಳ ಕಿರಿದಾಗುತ್ತದೆ. ಮೂಲ ತಂತ್ರಾಂಶ ತೆರೆದಿರುವಾಗ ಆಡ್-ಆನ್‌ನ ಡಿಎಲ್‌ಎಲ್ ಫೈಲನ್ನು (ಅದರ ಪ್ರೋಗ್ರಾಂ ಭಾಗವನ್ನು) ವಿಂಡೋಸ್ ಬಿಟ್ಟುಕೊಡುವುದಿಲ್ಲ ಎಂಬುದೂ ಇಲ್ಲಿ ಅಡ್ಡ ಬರುತ್ತದೆ. ಮರುಪ್ರಾರಂಭದ ವೇಳೆಗೆ ಬದಲಿಸುವಂತೆ ವಿಂಡೋಸ್‌ಗೆ ಹೇಳಬಹುದು, ಆದರೆ ಆಗ ಮರುಪ್ರಾರಂಭದವರೆಗೆ ಆಡ್-ಆನ್ ಎರಡು ಆವೃತ್ತಿಗಳ ಮಿಶ್ರಣವಾಗಿರುತ್ತದೆ. "ಮೊದಲು ಸಿಮ್ಯುಲೇಟರ್ ಮುಚ್ಚಿ" ಎಂದು ಹೇಳಿ ನಿಲ್ಲುವುದೇ ವಾಸಿ.

ಪೂರ್ತಿ ಇನ್‌ಸ್ಟಾಲರ್‌ಗೂ ಈ ಭಯ ತಪ್ಪಿದ್ದಲ್ಲ. ವರ್ಡ್‌ಪ್ರೆಸ್ ತನ್ನ 6.3 ಆವೃತ್ತಿಯಲ್ಲಿ ಅಪ್‌ಡೇಟ್‌ಗೆ ಮೊದಲು ಹಳೆಯ ಪ್ಲಗಿನ್‌ನ ಫೋಲ್ಡರನ್ನು ಪಕ್ಕಕ್ಕೆ ಇಟ್ಟು, ವಿಫಲವಾದರೆ ಮರಳಿಸುವ ವ್ಯವಸ್ಥೆ ತಂದಿತು. ವ್ಯತ್ಯಾಸವೆಂದರೆ, ಪೂರ್ತಿ ಇನ್‌ಸ್ಟಾಲರನ್ನು ಮತ್ತೆ ಓಡಿಸಿದರೆ ಸಾಕು.

ಡಿಜಿಟಲ್ ಸಹಿ ಯಾವುದಕ್ಕೆ ಹಾಕಬೇಕು, ಪ್ಯಾಚ್‌ಗೋ ಅದರಿಂದ ಬರುವ ಫೈಲ್‌ಗೋ?

ಎರಡಕ್ಕೂ, ಏಕೆಂದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಪ್ಯಾಚ್ ಮೇಲಿನ ಸಹಿ ಇದು ನಿಮ್ಮಿಂದಲೇ ಬಂದಿದೆ ಎನ್ನುತ್ತದೆ. ಕಟ್ಟಿದ ನಂತರದ ಚೆಕ್‌ಸಮ್ ಮತ್ತು ಸಹಿ ಫಲಿತಾಂಶ ನೀವು ಉದ್ದೇಶಿಸಿದ್ದೇ ಎನ್ನುತ್ತವೆ. ಬಹಳ ಮಂದಿ ಎಡವುವುದು ಬಿಲ್ಡ್‌ನ ಕ್ರಮದಲ್ಲಿ. ಇನ್‌ಸ್ಟಾಲರ್‌ಗೆ ಒಮ್ಮೆ, ಪ್ಯಾಚ್‌ಗೆ ಇನ್ನೊಮ್ಮೆ ಎಂದು ಅದೇ ಡಿಎಲ್‌ಎಲ್‌ಗೆ ಎರಡು ಸಲ ಸಹಿ ಹಾಕಿದರೆ, ಸಹಿಯೊಳಗಿನ ಸಮಯಮುದ್ರೆ ಬೇರೆಯಾಗಿ ಎರಡು ಭಿನ್ನ ಫೈಲ್‌ಗಳು ಹುಟ್ಟುತ್ತವೆ. ಇನ್‌ಸ್ಟಾಲರ್‌ನಿಂದ ಬಂದವರಿಗೆ ಮುಂದಿನ ಪ್ಯಾಚ್ ಹೊಂದುತ್ತದೆ, ಪ್ಯಾಚ್‌ನಿಂದ ಬಂದವರಿಗೆ ಹೊಂದುವುದಿಲ್ಲ. ಒಂದೇ ಸಲ ಬಿಲ್ಡ್, ಒಂದೇ ಸಲ ಸಹಿ, ಆಮೇಲೆ ಅದೇ ಫೋಲ್ಡರ್‌ನಿಂದ ಇನ್‌ಸ್ಟಾಲರನ್ನೂ ಪ್ಯಾಚನ್ನೂ ತಯಾರಿಸಬೇಕು.

ಸಹಿ ಇದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಲ್ಲ. ದೋಷವಿದ್ದ ನಿಮ್ಮ ಹಳೆಯ ಆವೃತ್ತಿಗೂ ನಿಮ್ಮದೇ ಸಹಿ ಇರುತ್ತದೆ, ಅದನ್ನೇ ಹೊಸದೆಂದು ಯಾರಾದರೂ ದಾಟಿಸಬಹುದು. ಅಪ್‌ಡೇಟ್ ಉಪಕರಣ ಆವೃತ್ತಿ ಸಂಖ್ಯೆ ಹಿಂದಕ್ಕೆ ಹೋಗುವುದನ್ನು ತಡೆಯಬೇಕು.

ದೊಡ್ಡವರೇ ಪ್ಯಾಚ್ ಬಿಟ್ಟು ಹಿಂದಕ್ಕೆ ಹೋಗುತ್ತಿದ್ದಾರಂತೆ, ನಿಜವೇ?

ಭಾಗಶಃ ನಿಜ, ಮತ್ತು ಕಾರಣಗಳು ಕಲಿಯುವಂಥವು. ಫೆಡೋರಾ ಲಿನಕ್ಸ್ ಬಹಳ ವರ್ಷ ಡೆಲ್ಟಾ ಆರ್‌ಪಿಎಂ ಎಂಬ ವಿಧಾನ ಬಳಸಿತು: ವ್ಯತ್ಯಾಸವನ್ನು ಇಳಿಸಿಕೊಂಡು, ಯಂತ್ರದಲ್ಲಿರುವ ಫೈಲ್‌ಗಳ ಜೊತೆ ಸೇರಿಸಿ, ಪೂರ್ತಿ ಪ್ಯಾಕೇಜನ್ನು ಮರಳಿ ಕಟ್ಟುವುದು. ಕಟ್ಟಿದ್ದು ಹೊಂದದಿದ್ದರೆ ಪೂರ್ತಿ ಪ್ಯಾಕೇಜನ್ನೂ ಇಳಿಸಬೇಕು, ಆಗ ಒಟ್ಟು ಡೌನ್‌ಲೋಡ್ ಪ್ಯಾಚ್ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು. ಎಷ್ಟು ವ್ಯರ್ಥವಾಯಿತು ಎಂದು ಶೇಕಡಾವಾರು ಲೆಕ್ಕವನ್ನು ಅದರ ಉಪಕರಣವೇ ಪರದೆಯ ಮೇಲೆ ಬರೆಯುತ್ತಿತ್ತು. 2024ರಲ್ಲಿ ಬಂದ ಫೆಡೋರಾ 40ರಲ್ಲಿ ಈ ವ್ಯವಸ್ಥೆಯನ್ನು ಕೈಬಿಡಲಾಯಿತು.

ವಿಂಡೋಸ್ 10ರ ಕಥೆ ಇನ್ನೂ ತೀಕ್ಷ್ಣ. ಅದರ ಮಾಸಿಕ ಅಪ್‌ಡೇಟ್‌ಗಳಲ್ಲಿ ಡೆಲ್ಟಾ ಎಂಬುದೊಂದು ಬಗೆ ಇತ್ತು. ಹಿಂದಿನ ತಿಂಗಳ ಅಪ್‌ಡೇಟ್ ಇದ್ದ ಯಂತ್ರಗಳಿಗೆ ಮಾತ್ರ ಅದು ಹೊಂದುತ್ತಿತ್ತು. 2017ರ ಅಕ್ಟೋಬರ್‌ನಲ್ಲಿ ಡೆಲ್ಟಾ ಮತ್ತು ಪೂರ್ತಿ ಅಪ್‌ಡೇಟ್‌ಗಳೆರಡೂ ಒಟ್ಟಿಗೆ ಕಂಪನಿಗಳ ಅಪ್‌ಡೇಟ್ ಸರ್ವರ್‌ಗಳಿಗೆ ಹೋಗಿ, ಎರಡೂ ಹಾಕಿಸಿಕೊಂಡ ಯಂತ್ರಗಳು ಬೂಟ್ ಆಗದೆ ನಿಂತವು. 2019ರ ಏಪ್ರಿಲ್ 9ರಿಂದ ಡೆಲ್ಟಾ ಅಪ್‌ಡೇಟ್‌ಗಳು ನಿಂತವು.

ಆದರೆ ಮೈಕ್ರೋಸಾಫ್ಟ್ ವ್ಯತ್ಯಾಸದ ತತ್ವವನ್ನೇ ಬಿಡಲಿಲ್ಲ, ಆಧಾರವನ್ನು ಬದಲಿಸಿತು. ವಿಂಡೋಸ್ 10ರ 1809 ಆವೃತ್ತಿಯಿಂದ ಪ್ರತಿ ಅಪ್‌ಡೇಟ್ ಕೂಡ ಹಿಂದಿನ ತಿಂಗಳನ್ನು ಬಿಟ್ಟು, ಆ ಆವೃತ್ತಿಯ ಮೊದಲ ಬಿಡುಗಡೆಯನ್ನೇ ಆಧಾರವಾಗಿ ಹಿಡಿಯುತ್ತದೆ. ಫೈಲನ್ನು ಮೊದಲ ಬಿಡುಗಡೆಯ ಸ್ಥಿತಿಗೆ ಮರಳಿಸುವ ವ್ಯತ್ಯಾಸವೂ ಅಲ್ಲಿಂದ ಹೊಸದಕ್ಕೆ ಒಯ್ಯುವ ವ್ಯತ್ಯಾಸವೂ ಪ್ಯಾಕೇಜ್‌ನಲ್ಲಿರುತ್ತವೆ; ಹಿಂದಕ್ಕೆ ಒಯ್ಯುವುದನ್ನು ಯಂತ್ರ ಮುಂದಿನ ಸಲಕ್ಕಾಗಿ ಇಟ್ಟುಕೊಳ್ಳುತ್ತದೆ. ಯಾವ ತಿಂಗಳು ತಪ್ಪಿದರೂ ತೊಂದರೆಯಿಲ್ಲ. ಸಣ್ಣ ತಯಾರಕರೂ ಇದನ್ನು ಸರಳವಾಗಿ ಅನುಸರಿಸಬಹುದು: 2.0ರ ಪೂರ್ತಿ ಇನ್‌ಸ್ಟಾಲರನ್ನು ಆಧಾರವಾಗಿ ಘೋಷಿಸಿ, 2.1ರಿಂದ 2.9ರವರೆಗೆ ಪ್ರತಿಯೊಂದನ್ನೂ 2.0ರ ಮೇಲೆ ಬದಲಾದ ಫೈಲ್‌ಗಳ ಸಂಚಿತ ಪ್ಯಾಕೇಜ್ ಆಗಿ ಕೊಡಿ. ಅದು ಇನ್‌ಸ್ಟಾಲರ್‌ನ ಅರ್ಧದಷ್ಟು ಬೆಳೆದ ದಿನ 3.0 ಎಂದು ಹೊಸ ಆಧಾರ ಹಾಕಿ. ನಾನು ಯಾರಿಗಾದರೂ ಪ್ಯಾಚ್ ಕೊಡಿ ಎಂದು ಹೇಳುವುದಾದರೆ ಈ ರೂಪದಲ್ಲಿಯೇ.

ಪ್ಯಾಚ್ ಎಂದು ಪ್ರತ್ಯೇಕವಾಗಿ ತಯಾರಿಸದೆಯೇ ಬದಲಾದದ್ದನ್ನಷ್ಟೇ ಕಳಿಸಲು ಸಾಧ್ಯವೇ?

ಸಾಧ್ಯ. ಕಂಪ್ಯೂಟರ್ ಆಟಗಳನ್ನು ಮಾರಿ ಹಂಚುವ ಸ್ಟೀಮ್ ಪ್ರತಿ ಫೈಲನ್ನು ಸುಮಾರು 1 ಎಂಬಿಯ ತುಂಡುಗಳಾಗಿ ಒಡೆದು ಇಟ್ಟುಕೊಂಡಿರುತ್ತದೆ, ಬಳಕೆದಾರನಲ್ಲಿ ಇಲ್ಲದ ತುಂಡುಗಳನ್ನು ಮಾತ್ರ ಕಳುಹಿಸುತ್ತದೆ. 1996ರಲ್ಲಿ ಬಂದ ಆರ್‌ಸಿಂಕ್ ಎಂಬ ಫೈಲ್ ನಕಲಿಸುವ ಉಪಕರಣ ತುಂಡುಗಳ ಚೆಕ್‌ಸಮ್ ಹೋಲಿಸುವ ದಾರಿ ತೋರಿಸಿತು. ಝೆಡ್‌ಸಿಂಕ್ ಅದೇ ಲೆಕ್ಕವನ್ನು ಬಳಕೆದಾರನ ಕಡೆಗೆ ಸರಿಸಿ, ಸಾಮಾನ್ಯ ವೆಬ್ ಸರ್ವರ್ ಸಾಕಾಗುವಂತೆ ಮಾಡಿತು. ಇಲ್ಲಿ ಆವೃತ್ತಿ ಜೋಡಿಗಳ ಲೆಕ್ಕವೇ ಇಲ್ಲ, ಆದರೆ ಬಳಕೆದಾರನ ಯಂತ್ರದಲ್ಲಿ ಓಡುವ ಉಪಕರಣವೊಂದನ್ನು ನೀವು ಬರೆದು ಸಾಕಬೇಕು.

ಪ್ಯಾಚ್ ಸರಿಯಾಗಿದೆ ಎಂದು ಬಿಡುಗಡೆಗೆ ಮೊದಲೇ ತಿಳಿಯುವುದು ಹೇಗೆ?

ಎರಡು ಶುದ್ಧ ಯಂತ್ರಗಳನ್ನು ತೆಗೆದುಕೊಳ್ಳಿ. ವರ್ಚುವಲ್ ಆದರೂ ಸರಿ. ಒಂದರಲ್ಲಿ ಹೊಸ ಪೂರ್ತಿ ಇನ್‌ಸ್ಟಾಲರ್ ಹಾಕಿ, ಇನ್ನೊಂದರಲ್ಲಿ ಹಳೆಯದನ್ನು ಹಾಕಿ ಪ್ಯಾಚ್ ಕೊಡಿ. ಎರಡೂ ಫೋಲ್ಡರ್‌ಗಳ ಪ್ರತಿ ಫೈಲ್‌ನ ಎಸ್‌ಎಚ್‌ಎ-256 ಎಂಬ ಬಗೆಯ ಚೆಕ್‌ಸಮ್‌ಗಳ ಪಟ್ಟಿ ತೆಗೆದು ಸಾಲು ಸಾಲಾಗಿ ಹೋಲಿಸಿ. ಲಾಗ್ ಮತ್ತು ಅನ್‌ಇನ್‌ಸ್ಟಾಲ್ ದಾಖಲೆಯನ್ನು ಬಿಟ್ಟು ಒಂದು ಸಾಲು ಬೇರೆಯಾಗಿದ್ದರೂ ಬಿಡುಗಡೆ ನಿಲ್ಲಬೇಕು. ಆಮೇಲೆ ಎರಡರಲ್ಲೂ ಅನ್‌ಇನ್‌ಸ್ಟಾಲ್ ಮಾಡಿ, ಏನು ಉಳಿಯಿತು ನೋಡಿ.

ಇಷ್ಟಾದ ಮೇಲೆ ಕೆಡಿಸುವ ಪರೀಕ್ಷೆಗಳು. ಒಂದು ಫೈಲ್‌ನಲ್ಲಿ ಒಂದು ಅಕ್ಷರ ತಿದ್ದಿ ಪ್ಯಾಚ್ ಕೊಡಿ: ಅದು ಯಾವ ಫೈಲ್ ಎಂದು ಹೆಸರು ಹೇಳಿ ನಿಲ್ಲಬೇಕು, ಬೇರಾವುದನ್ನೂ ಮುಟ್ಟಿರಬಾರದು. ನಡುವೆ ಟಾಸ್ಕ್ ಮ್ಯಾನೇಜರ್‌ನಿಂದ ಅದನ್ನು ಕೊಂದು ಮತ್ತೆ ಓಡಿಸಿ. ಕೊನೆಯದಾಗಿ ಡಿಸ್ಕ್‌ನಲ್ಲಿ ಜಾಗ ಕಡಿಮೆ ಮಾಡಿ ನೋಡಿ. ಪ್ಯಾಚ್ 20 ಎಂಬಿ ಇದ್ದರೂ ಹಳೆಯ ಮತ್ತು ಹೊಸ ಫೈಲ್‌ಗಳೆರಡೂ ಒಟ್ಟಿಗೆ ಇರುವ ಹೊತ್ತಿಗೆ 2 ಜಿಬಿ ಹೆಚ್ಚಿನ ಜಾಗ ಬೇಕಾಗಬಹುದು, ಅದನ್ನು ಕೆಲಸ ಆರಂಭಿಸುವ ಮೊದಲೇ ಲೆಕ್ಕ ಹಾಕಿ ಬಳಕೆದಾರನಿಗೆ ಹೇಳುವುದು ಪ್ಯಾಚ್‌ನ ಕರ್ತವ್ಯ.